ಖಾಲಿ ಗೂಡಿನ ಕಾವಲು

ನಮ್ಮ ಬಲುಸುಲಂಕದ ಗಂಡಸರಿಗೆ ತುಫಾನಿನ ಭಯವಿಲ್ಲ. ಅವರಿಗಿರುವ ಭಯವೆಲ್ಲ ಸಂಕ್ರಾಂತಿಯದು. ಸಂಕ್ರಾಂತಿಯ ಮೂರು ದಿನದ ಪಂದ್ಯದಲ್ಲಿ ತಮ್ಮ ಹುಂಜ ಸೋತರೆ ಮುಖ ಎಲ್ಲಿಟ್ಟುಕೊಳ್ಳುವುದು ಎಂಬ ಚಿಂತೆಯಲ್ಲೇ ವರ್ಷದ ಉಳಿದ ದಿನಗಳನ್ನು ಕಳೆಯುತ್ತಾರೆ. ಹೆಂಡತಿಗೆ ಜ್ವರ ಬಂದರೆ ಮೆಣಸಿನ ಕಷಾಯ, ಹುಂಜ ಸೀನಿದರೆ ಅಮಲಾಪುರದ ಡಾಕ್ಟರು. ಮಕ್ಕಳಿಗೆ ಗಂಜಿ, ಹುಂಜಕ್ಕೆ ನೆನೆಸಿ ಸಿಪ್ಪೆ ಸುಲಿದ ಬಾದಾಮಿ. ಇವರ ಕೋಳಿ ಕೂಗದಿದ್ದರೆ ಗೋದಾವರಿ ಸೀಮೆಗೆ ಬೆಳಗಾಗುವುದೇ ಇಲ್ಲವೇನೋ ಎನ್ನುವ ಹಾಗೆ ಮೀಸೆ ತಿರುವಿಕೊಂಡು ಓಡಾಡುತ್ತಾರೆ.

ನಾನು ವೀರವೇಣಿ. ಊರಿನ ಶಾಲೆಯಲ್ಲಿ ಮಧ್ಯಾಹ್ನದ ಊಟ ಬೇಯಿಸುವವಳು. ತುಫಾನು ಬರುತ್ತದೆ ಎಂದರೆ ಶಾಲೆಯ ಪಕ್ಕದ ತುಫಾನು ಕಟ್ಟಡದ ಬೀಗದ ಕೈ ಕೂಡ ನನ್ನ ಸೊಂಟಕ್ಕೇ ಬರುತ್ತದೆ. ಕೆಳಗೆ ಬರೀ ಕಂಬಗಳು, ಮೇಲೆ ಒಂದೇ ದೊಡ್ಡ ಹಜಾರ, ಹೊರಗಿನಿಂದ ಇಪ್ಪತ್ತೆರಡು ಮೆಟ್ಟಿಲು, ಮೆಟ್ಟಿಲ ತುದಿಯಲ್ಲಿ ಕಬ್ಬಿಣದ ಬಾಗಿಲು. ಇನ್ನೂರು ಜನ ಅದರೊಳಗೆ ಕೂರುತ್ತಾರೆ. ಅವರಿಗೆ ಬೇಯಿಸಿ ಹಾಕುವುದು ನನ್ನ ಕೆಲಸ, ಅವರ ಜಗಳ ಬಿಡಿಸುವುದು ಪುಗಸಟ್ಟೆ. ಅಲ್ಲಿ ನನ್ನದೊಂದು ಕಾನೂನಿತ್ತು. ಜನ ಮಾತ್ರ ಮೇಲೆ, ಪ್ರಾಣಿಗಳಿಗೆ ಪ್ರವೇಶವಿಲ್ಲ. ಹಿಂದಿನ ತುಫಾನಿನಲ್ಲಿ ಯಾರದೋ ಮೇಕೆ ಒಂದು ಚೀಲ ಅಕ್ಕಿಗೆ ಬಾಯಿ ಹಾಕಿ ಹೊಲಸು ಮಾಡಿದ ಮೇಲೆ ನಾನೇ ಮಾಡಿದ ಕಾನೂನು ಅದು.

ಇನ್ನು ಆದಿಶೇಷು. ನನ್ನ ಚಿಕ್ಕಪ್ಪನ ಮಗ, ವಯಸ್ಸು ನಲವತ್ತು, ಬುದ್ಧಿ ನಾಲ್ಕು. ಹತ್ತು ಪಂದ್ಯದ ಹುಂಜ ಸಾಕಿದ್ದಾನೆ. ಚಿನ್ನೋಡು ಎಂಬ ನಾಯಿಯೂ ಅವನದೇ. ಅವನದು ಎಂದರೆ ಸರಪಳಿ ಅವನದು, ಅನ್ನ ನನ್ನದು. ಹಗಲು ಹನ್ನೆರಡಕ್ಕೆ ಸರಿಯಾಗಿ ಶಾಲೆಯ ಅಡುಗೆಮನೆಯ ಹಿಂಬಾಗಿಲಿಗೆ ಬಂದು ಹೊಸ್ತಿಲಿನಿಂದ ಒಂದು ಮೊಳ ಆಚೆ ಕೂರುತ್ತದೆ. ಮರಿಯಾಗಿದ್ದಾಗ ಒಮ್ಮೆ ಒಳಗೆ ನುಗ್ಗಿ ಸಾರಿನ ಪಾತ್ರೆಗೆ ಮೂತಿಯಿಟ್ಟಿತ್ತು. ಸೌಟಿನಲ್ಲಿ ಬಾರಿಸಿದ್ದೆ. ಒಂದೇಟಲ್ಲ, ನಾಲ್ಕೈದು. ಆಮೇಲೆ ಐದು ವರ್ಷ ಅದು ಹೊಸ್ತಿಲು ದಾಟಲಿಲ್ಲ. ಸೌಟನ್ನು ನೆಲಕ್ಕೆ ಒಮ್ಮೆ ಕುಟ್ಟಿದರೆ ಸಾಕು, ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತಿತ್ತು. ವೀರವೇಣಿ ನಾಯಿಗೂ ಶಿಸ್ತು ಕಲಿಸಿದಳು ಎಂದು ಮೇಷ್ಟ್ರು ಹೊಗಳಿದರು. ನಾನೂ ಉಬ್ಬಿಕೊಂಡೆ.

ಡಿಸೆಂಬರ್ ಮೊದಲ ವಾರದ ಆ ಬೆಳಿಗ್ಗೆ ಆಟೋಗೆ ಮೈಕು ಕಟ್ಟಿಕೊಂಡು ಸಾರಿಕೊಂಡು ಹೋದರು. ಮಧ್ಯಾಹ್ನದೊಳಗೆ ಎಲ್ಲರೂ ಕಟ್ಟಡಕ್ಕೆ ಬರಬೇಕು, ದನಕರುಗಳ ಹಗ್ಗ ಬಿಚ್ಚಿ ಬಿಡಬೇಕು, ಯಾವ ಪ್ರಾಣಿಯನ್ನೂ ಕಟ್ಟಿಹಾಕಬಾರದು. ಎಮ್ಮೆಗಳನ್ನು ಎಲ್ಲರೂ ಬಿಚ್ಚಿದರು. ನಮ್ಮೂರಲ್ಲಿ ಅದನ್ನು ಯಾರೂ ಕಲಿಸಬೇಕಾಗಿಲ್ಲ. ತೊಂಬತ್ತಾರರ ತುಫಾನಿನಲ್ಲಿ ಗಾಳಿ ಮಧ್ಯೆ ಒಮ್ಮೆ ತಟ್ಟನೆ ನಿಂತಾಗ, ಎಲ್ಲ ಮುಗಿಯಿತು ಎಂದುಕೊಂಡು ನಮ್ಮಪ್ಪ ಎಮ್ಮೆ ಬಿಚ್ಚಿ ಬರುತ್ತೇನೆಂದು ಹೋದ. ಮುಗಿದಿರಲಿಲ್ಲ. ಅದು ತುಫಾನಿನ ಕಣ್ಣು. ಅರ್ಧ ಗಂಟೆ ಬಿಟ್ಟು ಗಾಳಿ ಎದುರು ದಿಕ್ಕಿನಿಂದ ತಿರುಗಿ ಬಂತು. ಅಪ್ಪನೂ ಎಮ್ಮೆಯೂ ಮೂರು ಮೈಲಿ ಆಚೆ ಸಿಕ್ಕರು.

ಒಂಬತ್ತು ಗಂಟೆಗೆ ಕಟ್ಟಡದ ಹಜಾರದಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಒಗ್ಗರಣೆಯ ವಾಸನೆ ಹಿಡಿದು ಚಿನ್ನೋಡು ಮೆಟ್ಟಿಲು ಹತ್ತಿ ಬಂದು ಬಾಗಿಲ ಆಚೆ ನಿಂತಿತು. ಒಳಗೆ ಕಾಲಿಡಲಿಲ್ಲ, ಬರೀ ಬಾಲ ಆಡಿಸುತ್ತಿತ್ತು. ಯಾವುದೋ ಮುದುಕಿ, "ಕೂದಲು ಉದುರತ್ತೆ ಕಣೇ, ಓಡಿಸೇ" ಎಂದಳು. ನನಗೂ ತಲೆ ಬಿಸಿಯಾಗಿತ್ತು. ಸೌಟು ಕುಟ್ಟಿ ಓಡಿಸಿದೆ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದಿಶೇಷುವಿಗೆ ಫೋನು ಮಾಡಿ, "ನಿನ್ನ ನಾಯಿ ನನ್ನ ಪಾತ್ರೆ ಸುತ್ತ ಸುಳೀತಿದೆ, ಬಂದು ಎಳ್ಕೊಂಡು ಹೋಗಿ ಕಟ್ಟಿಹಾಕು" ಎಂದು ಕೂಗಾಡಿದೆ. ಜನ್ಮದಲ್ಲಿ ಒಂದು ಸಲ ನನ್ನ ಮಾತು ಕೇಳಿದ, ಮುಂಡೇದು.

ಹನ್ನೆರಡೂವರೆಗೆ ಗಾಳಿ ಜೋರಾಗಿ ತೆಂಗಿನ ಗರಿಗಳು ಹಾರತೊಡಗಿದವು. ಊರೆಲ್ಲ ಮೇಲೆ ಬಂದು ಸೇರಿಯಾಗಿತ್ತು. ಅಬ್ಬುಲು ಕೂಡ ಬಂದ. ಇವನು ಕಾಲುವೆಯಾಚೆಯ ಹುಂಜದ ಪೈಲ್ವಾನ, ಆದಿಶೇಷುವಿನ ಏಳು ಜನ್ಮದ ವೈರಿ. ಬಟ್ಟೆಯಿಲ್ಲ, ಬರೆಯಿಲ್ಲ, ತಲೆಯ ಮೇಲೆ ಒಂದು ತಗಡಿನ ಟ್ರಂಕು. ಅದರ ಪಕ್ಕಕ್ಕೆ ಮೊಳೆಯಲ್ಲಿ ಹೊಡೆದ ತೂತುಗಳು.

"ಇದರಲ್ಲೇನೋ?" ಎಂದು ಕೇಳಿದೆ.

"ಹೊಲದ ಪತ್ರ ಅಕ್ಕ. ದಾಖಲೆ ಎಲ್ಲಾ ಜೋಪಾನವಾಗಿ ತನ್ನಿ ಅಂತ ಮೈಕಲ್ಲಿ ಹೇಳಿದ್ರಲ್ಲ."

"ಪತ್ರಕ್ಕೆ ಉಸಿರಾಡೋಕೆ ತೂತು ಬೇಕೇನೋ?"

"ಬೂಷ್ಟು ಹಿಡೀಬಾರದು ಅಂತ."

ಅಷ್ಟರಲ್ಲಿ ಯಾರದೋ ಮಗು ಬಿಸಿ ಪಾತ್ರೆಯ ಹತ್ತಿರ ತೆವಳಿಕೊಂಡು ಹೋಯಿತು. ನಾನು ಅತ್ತ ಓಡಿದೆ, ಅವನು ಟ್ರಂಕು ಹೊತ್ತು ಗೋಡೆ ಸೇರಿದ.

ಎಲ್ಲರಿಗಿಂತ ಕೊನೆಗೆ ಬಂದವನು ಆದಿಶೇಷು. ಹೆಂಡತಿ ಮಕ್ಕಳನ್ನು ಹಿಂದಿನ ದಿನವೇ ಅಮಲಾಪುರದ ಮಾವನ ಮನೆಗೆ ಕಳಿಸಿದ್ದ. ಹುಂಜಗಳನ್ನೆಲ್ಲ ಅಲ್ಲಿಗೇ ಕಳಿಸಿದೆನೆಂದು ಊರಿಗೆಲ್ಲ ಹೇಳಿದ್ದ. ಹುಂಜಗಳು ಆಟೋದಲ್ಲಿ, ಹೆಂಡತಿ ಮಕ್ಕಳು ಬಸ್ಸಿನಲ್ಲಿ. ಈಗ ಕುತ್ತಿಗೆಯವರೆಗೆ ಕಂಬಳಿ ಹೊದ್ದು, ಹೊಟ್ಟೆಯ ಹತ್ತಿರ ಕೈ ಕಟ್ಟಿಕೊಂಡು ನಡುಗುತ್ತ ಬಂದ.

"ಯಾಕೋ ಇಷ್ಟು ಹೊತ್ತು?"

"ಜ್ವರ ಅಕ್ಕ. ಎದ್ದೇಳಕ್ಕಾಗಲಿಲ್ಲ."

ಸುಳ್ಳು. ಕೋಳಿ ಪಂಚಾಂಗ ನೋಡಿಕೊಂಡು ಕಾದು ಕೂತಿದ್ದ ಎಂದು ಆಮೇಲೆ ಗೊತ್ತಾಯಿತು. ನಮ್ಮ ಕಡೆ ಹುಂಜಕ್ಕೂ ಪಂಚಾಂಗವಿದೆ. ಯಾವ ತಿಥಿಯಲ್ಲಿ ಯಾವ ಬಣ್ಣದ ಹುಂಜವನ್ನು ಯಾವ ದಿಕ್ಕಿನಿಂದ ಹೊರಡಿಸಬೇಕು, ದಿನದ ಯಾವ ಹೊತ್ತಿನಲ್ಲಿ ಅದು ಊಟ ಮಾಡುತ್ತದೆ, ಯಾವ ಹೊತ್ತಿನಲ್ಲಿ ರಾಜ್ಯವಾಳುತ್ತದೆ, ಯಾವ ಹೊತ್ತಿನಲ್ಲಿ ನಿದ್ದೆ ಮಾಡುತ್ತದೆ, ಎಲ್ಲವನ್ನೂ ಅಚ್ಚು ಹಾಕಿಸಿ ಮಾರುತ್ತಾರೆ. ಮಗಳ ಮದುವೆಗೆ ಮುಹೂರ್ತ ನೋಡದವನೂ ಅದನ್ನು ಜೇಬಿನಲ್ಲಿಟ್ಟುಕೊಂಡಿರುತ್ತಾನೆ.

ನನಗೆ ಆಗ ಅವನ ಕಂಬಳಿಯ ಮೇಲೆ ಗಮನವಿರಲಿಲ್ಲ. ನಾನು ಅವನ ಹಿಂದೆ ನೋಡುತ್ತಿದ್ದೆ. ಮೆಟ್ಟಿಲು ಖಾಲಿಯಿತ್ತು.

"ಚಿನ್ನೋಡು ಎಲ್ಲೋ?"

"ಮನೇಲಿ. ಕಟ್ಟಿದೀನಿ."

"ಎಲ್ಲಿಗೆ?"

"ಕೋಳಿಗೂಡಿನ ಕಂಬಕ್ಕೆ. ಇನ್ನೆಲ್ಲಿಗೆ ಕಟ್ತಾರೆ, ದೇವರ ಮನೇಲಾ?"

"ಗೂಡಲ್ಲಿ ಒಂದು ಕೋಳಿಯೂ ಇಲ್ಲವಲ್ಲೋ. ಏನು ಕಾಯತ್ತೆ ಅದು?"

"ಗೂಡು ಖಾಲಿ ಅಂತ ಕಳ್ಳನಿಗೇನು ಗೊತ್ತು? ನಾಯಿ ಬೊಗಳ್ತಿದ್ರೆ ಒಳಗೇನೋ ಇದೆ ಅಂದ್ಕೋತಾನೆ."

"ಹಾಗಂದ್ಕೊಂಡ್ರೆ ತಾನೇ ಅವನು ಬರೋದು, ಮುಠ್ಠಾಳ?"

"ಬಂದ್ರೆ ನಾಯಿ ಇದೆಯಲ್ಲ."

ಇಂಥ ಬುದ್ಧಿಗೆ ಏನು ಹೇಳುವುದು? ಈ ಗಾಳಿಯಲ್ಲಿ ಕಳ್ಳ ಬರಬೇಕಾದರೆ ಹಾರಿಕೊಂಡೇ ಬರಬೇಕು. ಆದಿಶೇಷುವಿನ ಮನೆ ತಗ್ಗಿನಲ್ಲಿದೆ. ಸಮುದ್ರ ಉಕ್ಕಿ ಕಾಲುವೆ ಹಿಮ್ಮುಖವಾಗಿ ಹರಿದರೆ ಮೊದಲು ನೀರು ನುಗ್ಗುವುದೇ ಅವನ ಹಿತ್ತಲಿಗೆ. ಬಿಟ್ಟಿದ್ದರೆ ಅದು ಎಲ್ಲಾದರೂ ಹತ್ತಿ ಕೂತು ಬದುಕಿಕೊಳ್ಳುತ್ತಿತ್ತು. ಸರಪಳಿಯಲ್ಲಿದ್ದರೆ ಮುಳುಗುತ್ತದೆ. ಇಷ್ಟೇ ಲೆಕ್ಕ.

"ಬಿಚ್ಚಿ ಬರ್ತೀನಿ" ಎಂದು ಸೆರಗು ಸಿಕ್ಕಿಸಿದೆ.

"ಹೇಗೆ ಬಿಚ್ತೀಯ? ಬೀಗ ಹಾಕಿದೀನಿ. ಹೋದ ತಿಂಗಳು ನಾನಿಲ್ಲದಾಗ ನೀನು ಬಿಚ್ಚಿ ಬಿಟ್ಟಿದ್ದೆಯಲ್ಲ, ಅದಕ್ಕೇ."

"ಬೀಗದ ಕೈ ಕೊಡು."

"ಕೊಡಲ್ಲ." ಉಡಿದಾರಕ್ಕೆ ಕಟ್ಟಿದ ಕೀಲಿಯ ಮೇಲೆ ಕಂಬಳಿಯೊಳಗಿಂದಲೇ ಕೈಯಿಟ್ಟುಕೊಂಡ. "ಬೆಳಿಗ್ಗೆ ಫೋನಲ್ಲಿ ಅರಚಿದ್ದು ಯಾರು? ಕಟ್ಟಿಹಾಕು ಅಂದದ್ದು ನೀನೇ ತಾನೇ? ಈಗ ಬಿಚ್ಚು ಅಂತೀಯ. ಒಂದು ಮಾತಲ್ಲಿ ನಿಲ್ಲು ಅಕ್ಕ."

ಗಾಳಿ ಇನ್ನೂ ಜೋರಾಯಿತು. ಬಾಗಿಲು ಹಾಕಿದೆವು. ಗಾಳಿಯ ಸದ್ದಿನ ನಡುವೆ ಸ್ವಲ್ಪ ಹೊತ್ತು ನಾಯಿ ಬೊಗಳುವುದು ಕೇಳುತ್ತಿತ್ತು. ಒಂದು ಗಂಟೆಯ ಹೊತ್ತಿಗೆ ಅದೂ ಕೇಳದಾಯಿತು.

ನಾನು ಉಪ್ಪಿಟ್ಟು ಬಡಿಸಿದೆ. ಎಲ್ಲರೂ ತಿಂದರು. ಆದಿಶೇಷು ಮಾತ್ರ ಒಂದು ಕೈಯನ್ನು ಕಂಬಳಿಯೊಳಗೇ ಇಟ್ಟುಕೊಂಡು ತಿಂದ. ಅಬ್ಬುಲು ಟ್ರಂಕಿನ ಮೇಲೆ ಮೊಣಕೈಯೂರಿ ತಿಂದ. ಇಬ್ಬರ ನಡುವೆ ಹತ್ತು ಅಡಿ ದೂರವಿರಲಿಲ್ಲ. ಮಧ್ಯೆ ಮಧ್ಯೆ ಇಬ್ಬರೂ ಜೇಬಿನಿಂದ ಒಂದೇ ಥರದ ಹಳದಿ ಪುಸ್ತಕ ತೆಗೆದು ನೋಡುತ್ತಿದ್ದರು. ಆ ದಿನ ಕೆಂಪು ಹುಂಜಕ್ಕೂ ಕರಿ ಹುಂಜಕ್ಕೂ ಮಧ್ಯಾಹ್ನ ಮೂರರವರೆಗೆ ನಿದ್ರಾಕಾಲ ಎಂದು ಅದರಲ್ಲಿ ಬರೆದಿತ್ತಂತೆ. ಆ ಧೈರ್ಯದ ಮೇಲೆ ಒಬ್ಬ ಕಂಬಳಿಯಲ್ಲಿ ತನ್ನ ಕೆಂಪು ಹುಂಜ ಡೇಗವನ್ನೂ ಇನ್ನೊಬ್ಬ ಟ್ರಂಕಿನಲ್ಲಿ ತನ್ನ ಕರಿ ಹುಂಜ ಕಾಕಿಯನ್ನೂ ಅಡಗಿಸಿ ತಂದಿದ್ದರು. ಇವರು ಪಂಚಾಂಗ ಓದಿದ್ದರು, ಕೋಳಿಗಳು ಓದಿರಲಿಲ್ಲ.

ಒಂದೂ ಮುಕ್ಕಾಲಿಗೆ ಶಾಲೆಯ ಸೈಕಲ್ ಶೆಡ್ಡಿನ ತಗಡು ಕಿತ್ತುಕೊಂಡು ಬಂದು ನಮ್ಮ ಗೋಡೆಗೆ ಅಪ್ಪಳಿಸಿತು. ಮಕ್ಕಳು ಕಿರುಚಿದವು. ಆ ಸದ್ದಿಗೆ ಆದಿಶೇಷುವಿನ ಹೊಟ್ಟೆ ಕೊಕ್ಕೊಕ್ಕೋ ಎಂದು ಕೂಗಿತು. ಟ್ರಂಕು ಅದಕ್ಕೆ ಉತ್ತರ ಕೊಟ್ಟಿತು.

ಮುಂದಿನದೆಲ್ಲ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಡೆಯಿತು. ಕಂಬಳಿ ಹರಿದು ಕೆಂಪು ಹುಂಜ ನೆಗೆಯಿತು. ಕೂಗದಿರಲೆಂದು ಅದರ ತಲೆಗೆ ಮಗಳ ಕಾಲುಚೀಲ ತೊಡಿಸಿದ್ದನಂತೆ, ಅದು ಎಲ್ಲೋ ಬಿತ್ತು. ಅಬ್ಬುಲು ಟ್ರಂಕಿನ ಮುಚ್ಚಳ ಒತ್ತಿಹಿಡಿಯಲು ಹೋಗಿ ಟ್ರಂಕನ್ನೇ ಉರುಳಿಸಿದ. ಕರಿ ಹುಂಜ ಹೊರಗೆ ಬಿತ್ತು. ಎರಡೂ ಕುತ್ತಿಗೆಯ ಗರಿ ಬಿಚ್ಚಿ ಎದುರುಬದುರಾದವು.

ಆಗ ನಮ್ಮ ಗಂಡಸರನ್ನು ನೋಡಬೇಕಿತ್ತು. ಹೊರಗೆ ಲೋಕ ಮುಳುಗುತ್ತಿದೆ. ಕಿಟಕಿಗಳು ಗಡಗಡ ಎನ್ನುತ್ತಿವೆ. ಅದುವರೆಗೆ ರಾಮ ರಾಮ ಎಂದು ಮುದುಡಿಕೊಂಡು ಕೂತಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ಸುತ್ತುಗಟ್ಟಿ ನಿಂತರು. ಹೆಂಗಸರನ್ನೂ ಮಕ್ಕಳನ್ನೂ ಹಿಂದಕ್ಕೆ ತಳ್ಳಿದರು. "ಡೇಗದ ಕಡೆ ನಾನು" ಎಂದ ಒಬ್ಬ. "ಕಾಕಿ ಕಾಲು ನೋಡೋ, ಕಾಲು ನೋಡೋ" ಎಂದ ಇನ್ನೊಬ್ಬ. ಬೆಳಿಗ್ಗೆಯಿಂದ ಸೊಂಟ ನೋವೆಂದು ನೀರೂ ನನ್ನ ಕೈಯಲ್ಲೇ ತರಿಸಿಕೊಂಡು ಕುಡಿದ ಮುದುಕ ಅಕ್ಕಿ ಚೀಲದ ಮೇಲೆ ಹತ್ತಿ ನಿಂತಿದ್ದ.

ಕಾಲಿಗೆ ಕತ್ತಿ ಕಟ್ಟದ ಹುಂಜಗಳು ಬೇಗ ಕೊಲ್ಲುವುದಿಲ್ಲ. ನಿಧಾನವಾಗಿ ಕುಕ್ಕಿ ಹರಿದುಹಾಕುತ್ತವೆ. ಸ್ವಲ್ಪ ಹೊತ್ತಿಗೆಲ್ಲ ಡೇಗದ ಒಂದು ಕಣ್ಣು ಹೋಯಿತು, ರೆಕ್ಕೆ ನೆಲಕ್ಕೆ ಬಿತ್ತು. ಬಿಡಿಸಲು ಹೋದ ಆದಿಶೇಷುವಿನ ಕೈ ಕಾಕಿಯ ಕೊಕ್ಕಿಗೆ ಸಿಕ್ಕಿ ರಕ್ತ ಸುರಿಯಿತು. ಅವನು ನನ್ನ ಕಡೆ ತಿರುಗಿದ. ಅನ್ನ ಬಸಿಯುವ ದೊಡ್ಡ ಬುಟ್ಟಿ ನನ್ನ ಕೈಯಲ್ಲಿತ್ತು.

"ಅಕ್ಕ, ಅದನ್ನ ಮುಚ್ಚು. ಕಾಕಿ ಮೇಲೆ ಮುಚ್ಚು. ಸತ್ತೋಗತ್ತೆ ಅಕ್ಕ, ನನ್ನ ಮಗು ಸತ್ತೋಗತ್ತೆ."

"ಕೀಲಿ ಕೊಡು."

"ಏನು?"

"ನಾಯಿ ಬೀಗದ ಕೀಲಿ. ಮೊದಲು ಅದು, ಆಮೇಲೆ ಬುಟ್ಟಿ."

"ನಿನಗೆ ಕರುಳಿಲ್ವಾ?"

"ಇದೆ. ನಿನ್ನ ಕೋಳಿಗೂಡಿನ ಕಂಬಕ್ಕೆ ಕಟ್ಟಿದೀಯ."

ಅವನು ಒಂದು ಸಲ ನನ್ನನ್ನು, ಒಂದು ಸಲ ಹುಂಜವನ್ನು ನೋಡಿದ. ಉಡಿದಾರ ಕಿತ್ತು ಕೀಲಿಯನ್ನು ನನ್ನ ಕಾಲ ಹತ್ತಿರ ಎಸೆದ. ನಾನು ಬುಟ್ಟಿಯನ್ನು ಕರಿ ಹುಂಜದ ಮೇಲೆ ಕವುಚಿದೆ. ತಡವಾಗಿತ್ತು. ಡೇಗ ಕಾಲು ನೀಡಿ ಎರಡು ಸಲ ಒದ್ದುಕೊಂಡು ಸುಮ್ಮನಾಯಿತು. ಒಂದು ವರ್ಷದ ಬಾದಾಮಿ ನೆಲದ ಮೇಲೆ ಬಿದ್ದಿತ್ತು. ಕೋಳಿ ಸತ್ತದ್ದಕ್ಕೆ ನನಗೆ ಬೇಜಾರಾಯಿತು, ಅದರದೇನು ತಪ್ಪು? ಆದಿಶೇಷು ಅತ್ತದ್ದಕ್ಕೆ ಆಗಲಿಲ್ಲ.

"ನೀನೇ ಕೊಂದೆ. ಕೀಲಿ ಕೀಲಿ ಅಂತ ಹೊತ್ತು ಕಳೆದು ಕೊಂದೆ" ಎಂದು ಅವನು ಎದೆ ಬಡಿದುಕೊಂಡ. ಅಬ್ಬುಲು ಬೆವರು ಒರೆಸಿಕೊಂಡು, "ಸೋತ ಹುಂಜ ಗೆದ್ದವನದು, ಅದು ಪದ್ಧತಿ. ಅಕ್ಕ, ರಾತ್ರಿ ಸಾರಿಗೆ ಹಾಕ್ತೀಯಾ?" ಎಂದ. ತುಫಾನು ಎಲ್ಲಿಗೆ ಬಂದಿದೆ ಎಂದು ಒಬ್ಬನೂ ಕೇಳಲಿಲ್ಲ.

ಗಾಳಿ ನಿಂತದ್ದು ಆಗ. ಒಂದು ಕ್ಷಣ ಕಿವಿ ಕೆಪ್ಪಾಯಿತೇನೋ ಅನಿಸಿತು. ಬಾಗಿಲು ತೆಗೆದರೆ ಆಕಾಶದಲ್ಲಿ ಹಳದಿ ಬೆಳಕು, ಕೆಳಗೆ ಕಂಬಗಳ ಸುತ್ತ ಕಂದು ನೀರು. ಮನೆ ನೋಡಿಕೊಂಡು ಬರುತ್ತೇವೆಂದು ಗಂಡಸರು ಪಂಚೆ ಎತ್ತಿಕಟ್ಟಿದರು.

"ಒಬ್ಬನೂ ಇಳೀಬಾರದು. ಇದು ಕಣ್ಣು. ನಮ್ಮಪ್ಪ ಹೋದದ್ದು ಇದರಲ್ಲೇ" ಎಂದು ಬಾಗಿಲಿಗೆ ಅಡ್ಡ ನಿಂತೆ.

"ಮತ್ತೆ ನೀನ್ಯಾಕೆ ಸೀರೆ ಎತ್ತಿ ಕಟ್ತಿದೀಯ?" ಎಂದ ಅಬ್ಬುಲು.

"ನಾನು ಕಟ್ಟಿಸಿದ್ದು, ನಾನೇ ಬಿಚ್ಬೇಕು" ಎಂದು ಮೆಟ್ಟಿಲು ಇಳಿದೆ.

ನೀರು ಸೊಂಟಕ್ಕಿತ್ತು, ತಗ್ಗಿನಲ್ಲಿ ಎದೆಗೆ ಬಂತು. ನೂರೈವತ್ತು ಹೆಜ್ಜೆಯ ದಾರಿಗೆ ಹತ್ತು ನಿಮಿಷ ಹಿಡಿಯಿತು. ಹೆದರಿದ್ದೆ. ಇಪ್ಪತ್ತು ವರ್ಷ ಅಪ್ಪನನ್ನು ದಡ್ಡ ಎಂದು ಬೈದುಕೊಂಡೇ ಬಂದವಳು, ಈಗ ಅವನ ಹೆಜ್ಜೆಯಲ್ಲೇ ಹೋಗುತ್ತಿದ್ದೆ.

ಚಿನ್ನೋಡು ಬದುಕಿತ್ತು. ಖಾಲಿ ಗೂಡಿನ ಮೇಲೆ ಹತ್ತಿ, ಹಿಂಗಾಲಿನ ಮೇಲೆ ಎದ್ದು, ಮುಂಗಾಲುಗಳನ್ನು ಕಂಬಕ್ಕೆ ಒತ್ತಿ ನಿಂತಿತ್ತು. ಗೂಡು ಮುಳುಗಿ ನೀರು ಅದರ ಹೊಟ್ಟೆಗೆ ಬಂದಿತ್ತು. ಸರಪಳಿ ಬಿಗಿದು ಕತ್ತು ಒಂದು ಕಡೆಗೆ ವಾಲಿತ್ತು, ಇನ್ನೊಂದು ಗೇಣು ಮೇಲೆ ಹೋಗಲೂ ಅದಕ್ಕೆ ಆಗುತ್ತಿರಲಿಲ್ಲ. ಬೊಗಳಿ ಬೊಗಳಿ ದನಿ ಬಿದ್ದುಹೋಗಿತ್ತು. ನನ್ನನ್ನು ನೋಡಿ ಬಾಲ ಆಡಿಸಿತು. ಕಟ್ಟಿಸಿದ ನನ್ನನ್ನೇ ನೋಡಿ. ಬೀಗ ತೆಗೆಯುವಾಗ ಕೀಲಿ ಎರಡು ಸಲ ಜಾರಿತು.

ವಾಪಸು ಬರುವಾಗ ಅದು ಈಜುತ್ತ ನನಗಿಂತ ಮುಂದೆ ಹೋಯಿತು, ಹಿಂದೆ ತಿರುಗಿ ತಿರುಗಿ ನೋಡಿತು. ಮೆಟ್ಟಿಲು ಹತ್ತಿತು. ನಾನು ಏದುಸಿರು ಬಿಡುತ್ತ ಒಳಗೆ ಹೋದೆ. ತಿರುಗಿ ನೋಡಿದರೆ ಚಿನ್ನೋಡು ಬಾಗಿಲ ಆಚೆ, ಹೊಸ್ತಿಲಿನಿಂದ ಒಂದು ಮೊಳ ದೂರದಲ್ಲಿ ಕೂತಿತ್ತು.

"ಬಾ" ಎಂದೆ.

ಬರಲಿಲ್ಲ. ಅದಕ್ಕೆ ಆ ಮಾತು ಗೊತ್ತಿರಲಿಲ್ಲ. ಐದು ವರ್ಷದಲ್ಲಿ ನಾನು ಅದಕ್ಕೆ ಹೋಗು ಎಂದಿದ್ದೆ, ಬಾ ಎಂದಿರಲಿಲ್ಲ.

ದೂರದಲ್ಲಿ ಲಾರಿ ಬರುವಂಥ ಸದ್ದು ಶುರುವಾಯಿತು. ಗಾಳಿ ತಿರುಗಿತ್ತು. ಈ ಸಲ ಅದು ಬರುವುದು ಮೆಟ್ಟಿಲಿನ ಕಡೆಯಿಂದಲೇ. "ಬಾಗಿಲು ಹಾಕೇ, ಬಾಗಿಲು ಹಾಕೇ" ಎಂದು ಒಳಗಿನಿಂದ ಕೂಗಿದರು. ಸತ್ತ ಹುಂಜದ ಕಾಲು ಹಿಡಿದು ತೋರಿಸಿದೆ. ನಾಯಿ ಜೊಲ್ಲು ಸುರಿಸಿತು, ಹೊಸ್ತಿಲು ನೋಡಿತು, ನನ್ನ ಮುಖ ನೋಡಿತು, ಅಲ್ಲೇ ಕೂತಿತು. ಆದಿಶೇಷು ಮೂಲೆಯಿಂದ, "ಏನಕ್ಕ, ಸರಪಳಿ ಬಿಚ್ಚಿದ್ರೂ ಬರಲ್ವಾ ನಿನ್ನ ಮಗ?" ಎಂದ.

ಹೊರಗೆ ಹೋಗಿ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ. ಹೊಸ್ತಿಲ ಹತ್ತಿರ ಬಂದಾಗ ಒದ್ದಾಡಿತು, ಪರಚಿತು, ನನ್ನ ಭುಜದ ಮೇಲೇ ಉಚ್ಚೆ ಹೊಯ್ದುಕೊಂಡಿತು. ನೀರಿಗೆ ಹೆದರದ ಪ್ರಾಣಿ. ಒಳಗೆ ಇಳಿಸಿದ ಕೂಡಲೇ ಹೊಟ್ಟೆ ನೆಲಕ್ಕೆ ಹಚ್ಚಿ, ಕಣ್ಣು ಮುಚ್ಚಿ ಮಲಗಿತು. ಒಲೆಯ ಪಕ್ಕದಲ್ಲಿದ್ದ ಸೌಟಿನ ಕಡೆ ಬೆನ್ನು ಮಾಡಿ, ಏಟು ಬೀಳುವುದನ್ನೇ ಕಾಯುತ್ತಿತ್ತು. ಗಂಡಸರು ಕಬ್ಬಿಣದ ಬಾಗಿಲು ತಳ್ಳುತ್ತಿದ್ದರು.

"ಒಂದು ನಿಮಿಷ ತಡೀರಿ" ಎಂದು ಸೌಟು ಎತ್ತಿಕೊಂಡು ಬಾಗಿಲಿಗೆ ಹೋದೆ.

ಸಂಜೆ ಇನ್ನೂರು ಜನಕ್ಕೆ ಅನ್ನ ಸಾರನ್ನು ಲೋಟದಲ್ಲಿ ಬಡಿಸಿದೆ. ಯಾಕೆ ಅಕ್ಕ, ಸೌಟು ಎಲ್ಲಿ ಎಂದು ಎಲ್ಲರೂ ಕೇಳಿದರು. ತುಫಾನಿನ ನೀರಿನಲ್ಲಿ ಕೊಚ್ಚಿಹೋಯಿತು ಎಂದೆ.